ಅರ್ಧ ಮುಖಕ್ಕೆ ಈರುಳ್ಳಿ: ಗಾಯಗಳ ವೈದ್ಯ ಆಂಬ್ರೋಸ್ ಪಾರೆ



ವಾರ್ತಾಪತ್ರದ ಈ ಸಂಚಿಕೆಗೆ ವಿಜ್ಞಾನ ವಿಭಾಗದ ಪರವಾಗಿ ಒಬ್ಬ ಸಾಧಕನ ಜೀವನ ಪರಿಚಯ ಬರೆಯುವ ಸರದಿ ನನ್ನದು. ಸಾಮಾನ್ಯವಾಗಿ ನಾವು ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಓದಿ ಪ್ರಶಸ್ತಿ ಪಡೆದವರನ್ನೇ ಆರಿಸಿಕೊಳ್ಳುತ್ತೇವೆ. ನಾನು ಆರಿಸಿಕೊಂಡದ್ದು ಒಬ್ಬ ಕ್ಷೌರಿಕನನ್ನು. ಅವನು ವೈದ್ಯಕೀಯ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಆ ಕಾಲದ ವಿದ್ವಾಂಸರ ಭಾಷೆಯಾದ ಲ್ಯಾಟಿನ್ ಅವನಿಗೆ ಬರುತ್ತಿರಲಿಲ್ಲ. ಆದರೂ ಫ್ರಾನ್ಸಿನ ನಾಲ್ವರು ರಾಜರಿಗೆ ಅವನು ಶಸ್ತ್ರವೈದ್ಯನಾಗಿದ್ದ. ಗಾಯವನ್ನು ಹೇಗೆ ನೋಡಬೇಕು, ಹೇಗೆ ಮುಟ್ಟಬೇಕು ಎಂದು ಯುರೋಪಿನ ಶಸ್ತ್ರವೈದ್ಯರಿಗೆ ಕಲಿಸಿಕೊಟ್ಟವನೂ ಅವನೇ. ಅವನ ಹೆಸರು ಆಂಬ್ರೋಸ್ ಪಾರೆ.

ಪಾರೆ ಹುಟ್ಟಿದ್ದು ಸುಮಾರು 1510ರಲ್ಲಿ, ವಾಯವ್ಯ ಫ್ರಾನ್ಸಿನ ಲಾವಾಲ್ ಪಟ್ಟಣದ ಹತ್ತಿರ. ಆಗ ಅಲ್ಲಿ ವೈದ್ಯರೆಂದರೆ ಎರಡು ಬಗೆ. ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಗ್ರಂಥಗಳನ್ನು ಓದಿದ ಪಂಡಿತ ವೈದ್ಯರು ಒಂದು ಬಗೆ. ಅವರು ರೋಗಿಯನ್ನು ನೋಡಿ ಮದ್ದು ಬರೆದುಕೊಡುತ್ತಿದ್ದರು. ರಕ್ತ, ಕೀವುಗಳಿಗೆ ಕೈ ಹಾಕುತ್ತಿರಲಿಲ್ಲ. ಆ ಕೆಲಸ ಕ್ಷೌರಿಕರದು. ಗಡ್ಡ ಬೋಳಿಸುವ ಕತ್ತಿಯಿಂದಲೇ ಕುರು ಕೊಯ್ಯುವುದು, ಹಲ್ಲು ಕೀಳುವುದು, ರಕ್ತ ತೆಗೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಎಲ್ಲವೂ ಅವರ ಪಾಲಿನದು. ಪಾರೆ ಈ ಎರಡನೆಯ ಗುಂಪಿನವನು. ಕ್ಷೌರಿಕನ ಕೈಕೆಳಗೆ ಕೆಲಸ ಕಲಿತ ಮೇಲೆ ಪ್ಯಾರಿಸ್‌ಗೆ ಬಂದು, ಅಲ್ಲಿನ ಹಳೆಯ ದೊಡ್ಡ ಆಸ್ಪತ್ರೆ ಓತೆಲ್ ದ್ಯೂನಲ್ಲಿ ಸುಮಾರು ಮೂರು ವರ್ಷ ದುಡಿದ. ಬಡವರು ತುಂಬಿರುತ್ತಿದ್ದ ಆ ವಾರ್ಡುಗಳೇ ಅವನ ಪಾಠಶಾಲೆ.

ಮುಂದೆ ಅವನು ಸೈನ್ಯಕ್ಕೆ ಸೇರಿದ. ಫ್ರಾನ್ಸಿನ ರಾಜ ಮೊದಲನೆಯ ಫ್ರಾನ್ಸಿಸ್‌ಗೂ ಚಕ್ರವರ್ತಿ ಐದನೆಯ ಚಾರ್ಲ್ಸ್‌ಗೂ ಯುದ್ಧ ನಡೆಯುತ್ತಿದ್ದ ಕಾಲ. 1536-37ರಲ್ಲಿ ಫ್ರೆಂಚ್ ಸೈನ್ಯ ಇಟಲಿಯ ಟ್ಯೂರಿನ್ ಕಡೆಗೆ ಹೋದಾಗ, ಸೇನಾಪತಿ ಮಾಂತೆಜಾನನ ಶಸ್ತ್ರವೈದ್ಯನಾಗಿ ಪಾರೆಯೂ ಹೋದ. ವಯಸ್ಸು ಇಪ್ಪತ್ತಾರೋ ಇಪ್ಪತ್ತೇಳೋ. ಕೋವಿಯ ಗಾಯಕ್ಕೆ ಚಿಕಿತ್ಸೆ ಮಾಡಿ ಅವನಿಗೆ ಅಭ್ಯಾಸವೇ ಇರಲಿಲ್ಲ.

ನಮ್ಮ ಕನ್ನಡದಲ್ಲಿ ಕೋವಿಗೆ ತುಂಬುವುದಕ್ಕೂ ಮದ್ದು ಎನ್ನುತ್ತೇವೆ, ಗಾಯಕ್ಕೆ ಹಚ್ಚುವುದಕ್ಕೂ ಮದ್ದು ಎನ್ನುತ್ತೇವೆ. ಆ ಕಾಲದ ಯುರೋಪಿನಲ್ಲಿ ಕೋವಿಯ ಮದ್ದು ವಿಷ ಎಂಬ ನಂಬಿಕೆಯಿತ್ತು. ಆದ್ದರಿಂದ ಗುಂಡು ಹೊಕ್ಕ ಗಾಯದೊಳಗೆ ಕುದಿಯುವ ಎಣ್ಣೆ ಹೊಯ್ದು ವಿಷವನ್ನು ಸುಡಬೇಕೆಂದು ಇಟಲಿಯ ಪ್ರಸಿದ್ಧ ಶಸ್ತ್ರವೈದ್ಯ ಜೊವಾನ್ನಿ ದ ವೀಗೊ ತನ್ನ ಗ್ರಂಥದಲ್ಲಿ ಬರೆದಿದ್ದ. ಪಾರೆ ಅದನ್ನು ಓದಿದ್ದ. ಉಳಿದ ಶಸ್ತ್ರವೈದ್ಯರು ಹಾಗೆಯೇ ಮಾಡುವುದನ್ನು ಕಣ್ಣಾರೆ ನೋಡಿ ತಾನೂ ಹಾಗೆಯೇ ಮಾಡತೊಡಗಿದ. ಆದರೆ ಗಾಯಾಳುಗಳು ಹೆಚ್ಚಿದರು, ಎಣ್ಣೆ ಮುಗಿದುಹೋಯಿತು. ಬೇರೆ ದಾರಿಯಿಲ್ಲದೆ ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಮೂರನ್ನೂ ಕಲಸಿ ಉಳಿದವರ ಗಾಯಕ್ಕೆ ಹಚ್ಚಿದ.

ಆ ರಾತ್ರಿ ಅವನಿಗೆ ನಿದ್ದೆ ಹತ್ತಲಿಲ್ಲ. ಎಣ್ಣೆ ಹೊಯ್ಯದವರೆಲ್ಲ ವಿಷವೇರಿ ಸತ್ತುಬಿದ್ದಿರುತ್ತಾರೆ ಎಂಬ ಭಯ. ಬೆಳಕು ಹರಿಯುವ ಮುನ್ನವೇ ಎದ್ದು ನೋಡಲು ಹೋದ. ಕಂಡದ್ದು ತಿರುಗುಮುರುಗಾಗಿತ್ತು. ಮೊಟ್ಟೆಯ ಲೇಪ ಹಚ್ಚಿಸಿಕೊಂಡವರು ರಾತ್ರಿ ಚೆನ್ನಾಗಿ ಮಲಗಿದ್ದರು. ನೋವು ಕಡಿಮೆ, ಊತವಿಲ್ಲ. ಕುದಿಯುವ ಎಣ್ಣೆ ಹೊಯ್ಸಿಕೊಂಡವರು ಜ್ವರದಲ್ಲಿ ಬೇಯುತ್ತಿದ್ದರು. ಗಾಯದ ಸುತ್ತ ಊತ, ತಡೆಯಲಾರದ ನೋವು. ಗುಂಡೇಟಿನಿಂದ ನರಳುವ ಬಡ ಸೈನಿಕರನ್ನು ಇನ್ನೆಂದೂ ಹೀಗೆ ಸುಡಬಾರದೆಂದು ಅಂದೇ ಅವನು ನಿಶ್ಚಯಿಸಿದ.

ಜೀವಶಾಸ್ತ್ರ ಓದುವ ನಮಗೆ ಇಂದು ಇದರ ಕಾರಣ ಹೇಳಬಹುದು. ಕುದಿಯುವ ಎಣ್ಣೆ ವಿಷವನ್ನು ಸುಡುತ್ತಿರಲಿಲ್ಲ, ಏಕೆಂದರೆ ಅಲ್ಲಿ ಸುಡಬೇಕಾದ ವಿಷವೇ ಇರಲಿಲ್ಲ. ಅದು ಸುಡುತ್ತಿದ್ದುದು ಬದುಕಿರುವ ಜೀವಕೋಶಗಳನ್ನು. ಸತ್ತ ಮಾಂಸ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ, ಗಾಯ ಇನ್ನೂ ಆಳವಾಗುತ್ತದೆ. ಬ್ಯಾಕ್ಟೀರಿಯಾಗೂ ಗಾಯದ ಕೀವಿಗೂ ಇರುವ ಸಂಬಂಧ ತಿಳಿಯಲು 19ನೆಯ ಶತಮಾನದವರೆಗೆ ಕಾಯಬೇಕಾಯಿತು. ಪಾರೆಗೆ ಅದೊಂದೂ ಗೊತ್ತಿರಲಿಲ್ಲ. ಅವನ ಬಳಿ ಇದ್ದದ್ದು ಎರಡು ಸಾಲು ರೋಗಿಗಳು ಮತ್ತು ಎರಡನ್ನೂ ಹೋಲಿಸಿ ನೋಡುವ ಕಣ್ಣು.

ಟ್ಯೂರಿನ್ ದಿನಗಳ ಇನ್ನೊಂದು ಘಟನೆ ನನಗೆ ಇದಕ್ಕಿಂತಲೂ ಹೆಚ್ಚು ಇಷ್ಟ. ಸೇನಾಪತಿಯ ಅಡುಗೆಮನೆಯ ಹುಡುಗನೊಬ್ಬ ಕಾದ ಎಣ್ಣೆಯ ಕೊಪ್ಪರಿಗೆಗೆ ಬಿದ್ದ. ಪಾರೆ ಮದ್ದು ತರಲು ಔಷಧಿ ಅಂಗಡಿಗೆ ಓಡಿದ. ಅಲ್ಲಿದ್ದ ಹಳ್ಳಿಯ ಮುದುಕಿಯೊಬ್ಬಳು ಹಸಿ ಈರುಳ್ಳಿಯನ್ನು ಸ್ವಲ್ಪ ಉಪ್ಪಿನ ಜೊತೆ ಜಜ್ಜಿ ಹಚ್ಚು, ಬೊಬ್ಬೆ ಏಳುವುದಿಲ್ಲ ಎಂದು ಸಲಹೆ ಕೊಟ್ಟಳು. ಅಜ್ಜಿಯ ಮಾತೆಂದು ಅವನು ನಗಲಿಲ್ಲ. ಹಾಗೆಂದು ಕಣ್ಣು ಮುಚ್ಚಿ ನಂಬಲೂ ಇಲ್ಲ. ಹುಡುಗನ ಮೈಮೇಲೆ ಕೆಲವು ಕಡೆ ಈರುಳ್ಳಿ ಹಚ್ಚಿದ, ಉಳಿದ ಕಡೆ ಮಾಮೂಲಿ ಮದ್ದು ಹಚ್ಚಿದ. ಮರುದಿನ ನೋಡಿದರೆ ಈರುಳ್ಳಿ ಹಚ್ಚಿದಲ್ಲಿ ಬೊಬ್ಬೆಯಿರಲಿಲ್ಲ, ಉಳಿದ ಕಡೆ ಎದ್ದಿದ್ದವು. ಸ್ವಲ್ಪ ದಿನದಲ್ಲಿ ಜರ್ಮನ್ ಕಾವಲುಗಾರನೊಬ್ಬನ ಮದ್ದಿನ ಬುರುಡೆಗೆ ಬೆಂಕಿ ತಗುಲಿ ಮುಖ, ಕೈ ಸುಟ್ಟವು. ಈ ಸಲ ಪಾರೆ ಅವನ ಮುಖದ ಅರ್ಧಕ್ಕೆ ಈರುಳ್ಳಿ, ಇನ್ನರ್ಧಕ್ಕೆ ಬೇರೆ ಮದ್ದು ಹಚ್ಚಿ ಮತ್ತೊಮ್ಮೆ ಪರೀಕ್ಷಿಸಿದ. ಫಲಿತಾಂಶ ಮೊದಲಿನಂತೆಯೇ ಬಂತು.

ಒಬ್ಬನೇ ರೋಗಿ, ಒಂದೇ ಸುಟ್ಟಗಾಯ, ಎರಡು ಮದ್ದು. ಇಂದು ಗಾಯದ ಕಲೆಗಳ ಬಗ್ಗೆ ನಡೆಯುವ ಅನೇಕ ಸಂಶೋಧನೆಗಳಲ್ಲಿ ಇದೇ ವಿಧಾನವಿದೆ. ಒಂದೇ ಕಲೆಯ ಅರ್ಧಭಾಗಕ್ಕೆ ಹೊಸ ಮದ್ದು, ಇನ್ನರ್ಧಕ್ಕೆ ಹಳೆಯದು. ಒಬ್ಬೊಬ್ಬರ ಚರ್ಮ ಒಂದೊಂದು ರೀತಿ ವಾಸಿಯಾಗುವುದರಿಂದ, ಒಬ್ಬನನ್ನು ಅವನ ಜೊತೆಗೇ ಹೋಲಿಸಿದರೆ ತಪ್ಪು ಕಡಿಮೆ.

ಈಗ ನಾನು ಪಾರೆಯನ್ನು ಯಾಕೆ ಆರಿಸಿಕೊಂಡೆ ಎಂದು ಹೇಳಬೇಕು. ನನಗೆ ಏಳು ವರ್ಷವಿದ್ದಾಗ ಎಡಗೈ ಮೇಲೆ ಕುದಿಯುವ ಚಹಾ ಚೆಲ್ಲಿತು. ಅಕ್ಕಪಕ್ಕದವರೆಲ್ಲ ಓಡಿಬಂದರು. ಒಬ್ಬರು ಟೂತ್‌ಪೇಸ್ಟ್ ಬಳಿದರು, ಇನ್ನೊಬ್ಬರು ಅರಿಶಿನ ಮೆತ್ತಿದರು, ಮತ್ತೊಬ್ಬರು ಶಾಯಿ ತಂದರು. ಎಲ್ಲರದೂ ಪ್ರೀತಿಯೇ. ಗಾಯ ಮಾಯಲು ಒಂದು ತಿಂಗಳ ಮೇಲಾಯಿತು. ಆಮೇಲೆ ಆ ಜಾಗ ಕೆಂಪಗೆ ಉಬ್ಬಿ, ಗಟ್ಟಿಯಾಗಿ, ರಾತ್ರಿಯೆಲ್ಲ ತುರಿಸತೊಡಗಿತು. ಮದುವೆ ಮನೆಗೆ ಹೋದರೆ ಖಾಲಾಗಳ ಮೊದಲ ಪ್ರಶ್ನೆ ನನ್ನ ಓದಿನ ಬಗ್ಗೆ ಇರುತ್ತಿರಲಿಲ್ಲ, ಕೈಯ ಬಗ್ಗೆ ಇರುತ್ತಿತ್ತು. ಒಂದು ಅಂಗಡಿಯವರು ಗ್ಯಾರಂಟಿ ಎಂದು ಹೇಳಿ ಅಮ್ಮಿಗೆ ದುಬಾರಿ ಕ್ರೀಮು ಮಾರಿದರು. ಡಬ್ಬಿ ಖಾಲಿಯಾಯಿತು, ಕಲೆ ಹಾಗೆಯೇ ಉಳಿಯಿತು. ಕೊನೆಗೆ ಚರ್ಮರೋಗ ತಜ್ಞೆಯೊಬ್ಬರು ಅದು ರೋಗವಲ್ಲ, ಅಂಟುವುದಿಲ್ಲ, ಯಾರ ಪಾಪದ ಫಲವೂ ಅಲ್ಲ ಎಂದು ಅಮ್ಮಿಗೆ ಬಿಡಿಸಿ ಹೇಳಿದರು. ಅಲ್ಲಿಂದ ಮುಂದೆ ಗಾಯದ ಬಗ್ಗೆ ಏನು ಸಿಕ್ಕಿದರೂ ನಾನು ಓದುತ್ತೇನೆ. ಪಾರೆ ನನಗೆ ಸಿಕ್ಕಿದ್ದು ಹಾಗೆ.

ಅವರು ಹೇಳಿದ್ದನ್ನೂ ನಾನು ಓದಿದ್ದನ್ನೂ ಸೇರಿಸಿ ಇಲ್ಲಿ ಚಿಕ್ಕದಾಗಿ ಬರೆಯುತ್ತೇನೆ. ಚರ್ಮ ಸೀಳಿದಾಗ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಆಮೇಲೆ ಬಿಳಿ ರಕ್ತಕಣಗಳು ಬಂದು ಕಸ ತೆಗೆಯುತ್ತವೆ. ಊತ, ಬಿಸಿ, ಕೆಂಪು ಕಾಣುವುದು ಆಗಲೇ. ಬಳಿಕ ಫೈಬ್ರೊಬ್ಲಾಸ್ಟ್ ಎಂಬ ಜೀವಕೋಶಗಳು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳನ್ನು ನೇಯ್ದು ಗುಂಡಿ ಮುಚ್ಚುತ್ತವೆ. ಕೊನೆಯ ಹಂತದಲ್ಲಿ ಈ ಎಳೆಗಳನ್ನು ಬಿಚ್ಚಿ ಮತ್ತೆ ಸರಿಯಾಗಿ ಜೋಡಿಸುವ ಕೆಲಸ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ನಡೆಯುತ್ತದೆ. ಎಷ್ಟೇ ಚೆನ್ನಾಗಿ ವಾಸಿಯಾದರೂ ಕಲೆಯಾದ ಚರ್ಮಕ್ಕೆ ಮೊದಲಿನ ಬಲದ ಸುಮಾರು ಶೇ. 80ರಷ್ಟು ಮಾತ್ರ ಮರಳುತ್ತದೆ.

ಕೆಲವರಲ್ಲಿ ಕೊಲಾಜೆನ್ ನೇಯುವ ಕೆಲಸ ನಿಲ್ಲಬೇಕಾದಾಗ ನಿಲ್ಲುವುದಿಲ್ಲ. ಉಬ್ಬು ಗಾಯದ ಗಡಿಯೊಳಗೇ ಉಳಿದರೆ ಅದು ಹೈಪರ್‌ಟ್ರೋಫಿಕ್ ಕಲೆ. ನನ್ನದು ಆ ಜಾತಿಯದು, ವರ್ಷಗಳು ಕಳೆದಂತೆ ಮೆಲ್ಲಗೆ ತಗ್ಗುತ್ತಿದೆ. ಗಡಿ ದಾಟಿ ಅಕ್ಕಪಕ್ಕದ ಒಳ್ಳೆಯ ಚರ್ಮಕ್ಕೂ ಹಬ್ಬಿದರೆ ಅದು ಕೀಲಾಯ್ಡ್. ಆ ಹೆಸರು ಕೊಟ್ಟವನೂ ಒಬ್ಬ ಫ್ರೆಂಚ್ ವೈದ್ಯನೇ. 19ನೆಯ ಶತಮಾನದ ಆರಂಭದಲ್ಲಿ ಜೀನ್ ಲೂಯಿ ಆಲಿಬೇರ್, ಅದು ಏಡಿಯ ಕೊಂಡಿಗಳಂತೆ ಚಾಚುವುದನ್ನು ಕಂಡು ಗ್ರೀಕ್ ಮಾತಿನಿಂದ ಈ ಹೆಸರು ಕಟ್ಟಿದ. ನಮ್ಮಂಥ ಕಂದು, ಕಪ್ಪು ಚರ್ಮದವರಲ್ಲಿ ಕೀಲಾಯ್ಡ್ ಹೆಚ್ಚು. ಕಿವಿ ಚುಚ್ಚಿಸಿದ ಜಾಗ, ಎದೆ, ಭುಜಗಳು ಅದಕ್ಕೆ ಪ್ರಿಯವಾದ ತಾಣ. ಬರೀ ಕೊಯ್ದು ತೆಗೆಸಿದರೆ ಅದು ಮತ್ತೆ ಬೆಳೆಯುವುದೇ ಹೆಚ್ಚು. ಹಾಗಾಗಿ ವೈದ್ಯರು ಸ್ಟೀರಾಯ್ಡ್ ಚುಚ್ಚುಮದ್ದು, ಸಿಲಿಕೋನ್ ಹಾಳೆ, ಒತ್ತಡದ ಪಟ್ಟಿ ಮುಂತಾದವನ್ನು ಜೊತೆಗೂಡಿಸುತ್ತಾರೆ. ಗಾಯ ಆಳವಾದಷ್ಟೂ, ಮಾಯಲು ತಡವಾದಷ್ಟೂ ಉಬ್ಬು ಕಲೆಯ ಸಂಭವ ಹೆಚ್ಚು. ಕುದಿಯುವ ಎಣ್ಣೆಯನ್ನು ಕೈಬಿಟ್ಟ ಪಾರೆ ಸೈನಿಕರ ಜೀವದ ಜೊತೆಗೆ ಅವರ ಚರ್ಮವನ್ನೂ ಉಳಿಸಿದ ಎಂದು ನನಗೆ ಅನಿಸುವುದು ಇದಕ್ಕೇ.

ಕಲೆಯ ಬಗ್ಗೆ ಅವನಿಗೆ ನೇರವಾದ ಕಾಳಜಿಯೂ ಇತ್ತು. ಮುಖದ ಗಾಯಕ್ಕೆ ಸೂಜಿ ಹಾಕಿದರೆ ಹೊಲಿಗೆಯ ಗುರುತು ಉಳಿದು ಮುಖ ವಿಕಾರವಾಗುತ್ತದೆಂದು ಅವನು ಬಟ್ಟೆಯ ಎರಡು ತುಂಡುಗಳನ್ನು ಗಾಯದ ಎರಡೂ ಬದಿಗೆ ಅಂಟಿಸಿ, ಚರ್ಮದ ಬದಲು ಬಟ್ಟೆಯನ್ನೇ ಹೊಲಿದು ಗಾಯದ ತುಟಿಗಳನ್ನು ಹತ್ತಿರ ತರುತ್ತಿದ್ದ. ಇಂದು ಆಸ್ಪತ್ರೆಗಳಲ್ಲಿ ಚಿಕ್ಕ ಗಾಯಗಳಿಗೆ ಹೊಲಿಗೆಯಿಲ್ಲದೆ ಅಂಟುಪಟ್ಟಿ ಹಾಕುವುದರ ಹಿಂದಿನ ಯೋಚನೆಯೂ ಇದೇ.

1545ರಲ್ಲಿ ಪಾರೆ ಕೋವಿಯ ಗಾಯಗಳ ಬಗ್ಗೆ ತನ್ನ ಮೊದಲ ಪುಸ್ತಕ ಪ್ರಕಟಿಸಿದ. ಲ್ಯಾಟಿನ್‌ನಲ್ಲಿ ಅಲ್ಲ, ತಾನಾಡುವ ಫ್ರೆಂಚ್‌ನಲ್ಲಿ. ಯುದ್ಧಭೂಮಿಯ ಕ್ಷೌರಿಕ ವೈದ್ಯರಿಗೆ ಅರ್ಥವಾಗುತ್ತಿದ್ದದ್ದು ಆ ಭಾಷೆಯೇ. 1552ರಲ್ಲಿ ದಾಂವಿಲಿಯೇ ಮುತ್ತಿಗೆಯಲ್ಲಿ ಒಬ್ಬನ ಕಾಲು ಕತ್ತರಿಸಬೇಕಾಗಿ ಬಂತು. ಆಗಿನ ಪದ್ಧತಿಯಂತೆ ಕಾದ ಕಬ್ಬಿಣದಿಂದ ಸುಟ್ಟು ರಕ್ತ ನಿಲ್ಲಿಸುವ ಬದಲು, ಪಾರೆ ರಕ್ತನಾಳಗಳನ್ನು ಹಿಡಿದು ದಾರದಿಂದ ಕಟ್ಟಿದ. ಗಾಯಾಳು ಬದುಕಿದ. ಈ ಉಪಾಯ ಹೊಸದೇನಲ್ಲ. ಅವನಿಗಿಂತ ಐದು ಶತಮಾನಗಳ ಹಿಂದೆ ಅಂದಲೂಸಿನ ಅಲ್ ಝಹ್ರಾವಿ ತನ್ನ ಅತ್ತಸ್ರೀಫ್ ಗ್ರಂಥದಲ್ಲಿ ರಕ್ತನಾಳ ಕಟ್ಟುವುದನ್ನು ಬರೆದಿದ್ದ. 12ನೆಯ ಶತಮಾನದಲ್ಲಿ ಆ ಗ್ರಂಥದ ಶಸ್ತ್ರಚಿಕಿತ್ಸಾ ಭಾಗ ಲ್ಯಾಟಿನ್‌ಗೆ ಅನುವಾದವಾಗಿತ್ತು. ಅದಕ್ಕೂ ಮೊದಲು ಗ್ಯಾಲೆನ್ ಹೇಳಿದ್ದ. ಪುಸ್ತಕದಲ್ಲಿ ಮಲಗಿದ್ದ ಉಪಾಯವನ್ನು ಕೈಕಾಲು ಕತ್ತರಿಸುವ ಕಠಿಣ ಚಿಕಿತ್ಸೆಗೆ ಬಳಸಿದ್ದು ಪಾರೆಯ ಸಾಧನೆ.

ಅದೇ ವರ್ಷ ಎರಡನೆಯ ಹೆನ್ರಿ ರಾಜನ ಶಸ್ತ್ರವೈದ್ಯರಲ್ಲಿ ಒಬ್ಬನಾದ. ಮೆಟ್ಸ್ ನಗರವನ್ನು ಶತ್ರುಗಳು ಮುತ್ತಿದಾಗ ರಾಜ ಅವನನ್ನು ರಾತ್ರೋರಾತ್ರಿ ಕದ್ದುಮುಚ್ಚಿ ಒಳಗೆ ಕಳುಹಿಸಿದ. ಪಾರೆ ಬಂದನೆಂದು ತಿಳಿದು ಇನ್ನು ಗಾಯವಾದರೂ ಸಾಯುವುದಿಲ್ಲವೆಂದು ಸೈನಿಕರು ಸಂಭ್ರಮಪಟ್ಟರಂತೆ. ಎಲ್ಲರನ್ನೂ ಅವನು ಉಳಿಸಿದನೆಂದಲ್ಲ. 1559ರಲ್ಲಿ ಪಂದ್ಯವೊಂದರಲ್ಲಿ ಈಟಿಯ ಚೂರು ಕಣ್ಣಿಗೆ ಹೊಕ್ಕು ಹೆನ್ರಿ ರಾಜ ಮಲಗಿದಾಗ, ಪಾರೆಯೂ ಪ್ರಸಿದ್ಧ ಅಂಗರಚನಾ ತಜ್ಞ ವೆಸೇಲಿಯಸನೂ ಪಕ್ಕದಲ್ಲೇ ಇದ್ದರು. ಹತ್ತನೆಯ ದಿನ ರಾಜ ತೀರಿಕೊಂಡ. ರೋಗಿಗೆ ಪಟ್ಟಿ ಕಟ್ಟುವವನು ತಾನು, ವಾಸಿ ಮಾಡುವವನು ದೇವರು ಎಂಬುದು ಪಾರೆಯ ನಂಬಿಕೆಯಾಗಿತ್ತು. ಶಿಫಾ ಅಲ್ಲಾಹನ ಕೈಯಲ್ಲಿದೆ ಎಂದು ಕೇಳಿ ಬೆಳೆದ ನಮಗೆ ಇದು ಅಪರಿಚಿತವಲ್ಲ. ಆ ನಂಬಿಕೆ ಅವನನ್ನು ಸೋಮಾರಿಯನ್ನಾಗಿ ಮಾಡಲಿಲ್ಲ ಎಂಬುದನ್ನು ಗಮನಿಸಬೇಕು.

ಅವನ ತಪ್ಪುಗಳನ್ನೂ ಹೇಳದಿದ್ದರೆ ಈ ಪರಿಚಯ ಪೂರ್ತಿಯಾಗದು. ಟ್ಯೂರಿನ್‌ನ ಶಸ್ತ್ರವೈದ್ಯನೊಬ್ಬನ ಬಳಿ ಗಾಯಕ್ಕೊಂದು ಗುಟ್ಟಿನ ತೈಲವಿತ್ತು. ಎರಡು ವರ್ಷ ಬೆನ್ನುಬಿದ್ದು ಪಾರೆ ಗುಟ್ಟು ತಿಳಿದುಕೊಂಡ. ಆಗತಾನೇ ಹುಟ್ಟಿದ ನಾಯಿಮರಿ, ಎರೆಹುಳು ಹಾಕಿ ಕಾಯಿಸಿದ ಎಣ್ಣೆ ಅದು! ಅದನ್ನು ಅವನು ಮೆಚ್ಚಿ ಬಳಸಿದ. ಒಂಬತ್ತನೆಯ ಚಾರ್ಲ್ಸ್ ರಾಜನ ಕಾಲದಲ್ಲಿ, ಆಡಿನ ಹೊಟ್ಟೆಯಲ್ಲಿ ಸಿಗುವ ಬೆಜೋವರ್ ಕಲ್ಲು ಎಲ್ಲ ವಿಷವನ್ನೂ ಇಳಿಸುತ್ತದೆ ಎಂಬ ಮಾತು ಸುಳ್ಳೆಂದು ತೋರಿಸಲು, ಮರಣದಂಡನೆಗೆ ಗುರಿಯಾಗಿದ್ದ ಅಡುಗೆಯವನೊಬ್ಬನಿಗೆ ಅವನ ಒಪ್ಪಿಗೆಯ ಮೇಲೆ ವಿಷ ಕೊಟ್ಟು ಕಲ್ಲನ್ನೂ ಕೊಡಲಾಯಿತು. ಅಡುಗೆಯವನು ನರಳಿ ಸತ್ತ. ಕಲ್ಲಿನ ಬಣ್ಣ ಬಯಲಾಯಿತು, ಆದರೆ ಆ ಪರೀಕ್ಷೆಯನ್ನು ಇಂದು ಯಾರೂ ಒಪ್ಪುವುದಿಲ್ಲ. ಗಲ್ಲಿನ ಮುಂದೆ ನಿಂತವನ ಒಪ್ಪಿಗೆ ಎಂಥ ಒಪ್ಪಿಗೆ?

ಹೆಸರು ಬೆಳೆದಂತೆ ವಿರೋಧವೂ ಬೆಳೆಯಿತು. 1554ರಲ್ಲಿ ಶಸ್ತ್ರವೈದ್ಯರ ಸೇಂಟ್ ಕೋಮ್ ಸಂಘ ಅವನನ್ನು ಸೇರಿಸಿಕೊಂಡಾಗ, ಲ್ಯಾಟಿನ್ ಬಾರದವನಿಗೆ ಈ ಪದವಿಯೇ ಎಂದು ಪಂಡಿತರು ಗೊಣಗಿದರು. 1575ರಲ್ಲಿ ಅವನ ಸಮಗ್ರ ಕೃತಿಗಳು ಹೊರಬರುವಾಗ ಪ್ಯಾರಿಸ್‌ನ ವೈದ್ಯಕೀಯ ವಿಭಾಗ ತಡೆಯಲು ನೋಡಿತು. ಅಲ್ಲಿನ ಗೂರ್ಮೆಲೆನ್ ಎಂಬ ವಿದ್ವಾಂಸ ರಕ್ತನಾಳ ಕಟ್ಟುವ ವಿಧಾನವನ್ನು ಖಂಡಿಸಿ ಬರೆದ. 1585ರಲ್ಲಿ, ಎಪ್ಪತ್ತೈದರ ಹತ್ತಿರದ ಮುದುಕ ಪಾರೆ ಅದಕ್ಕೆ ಉತ್ತರ ಬರೆದ. ಮೊದಲು ಗ್ಯಾಲೆನ್, ಇಬ್ನ್ ಸೀನಾ ಮೊದಲಾದ ಹಿರಿಯರ ಗ್ರಂಥಗಳಿಂದ ಆಧಾರ ಕೊಟ್ಟ. ಆಮೇಲೆ ತಾನು ಕಂಡ ಯುದ್ಧಗಳನ್ನೂ ಗಾಯಾಳುಗಳನ್ನೂ ಒಂದೊಂದಾಗಿ ಮುಂದಿಟ್ಟ. ಕುರ್ಚಿಯಲ್ಲಿ ಕುಳಿತು ಓದಿದವನಿಗೂ ಡೇರೆಯಲ್ಲಿ ರಕ್ತ ಒರೆಸಿದವನಿಗೂ ಇರುವ ಅಂತರ ಆ ಪುಸ್ತಕ ಓದಿದವರಿಗೆ ತಾನೇ ತಿಳಿಯಿತು. 1590ರ ಡಿಸೆಂಬರ್ 20ರಂದು ಪ್ಯಾರಿಸ್‌ನಲ್ಲಿ ಅವನು ತೀರಿಕೊಂಡ.

ನಮ್ಮಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೋ ಉರ್ದುವಿನಲ್ಲೋ ಓದಿ, ಈಗ ಇಂಗ್ಲಿಷ್ ಪಠ್ಯದ ಮುಂದೆ ತಡವರಿಸುವವರು ಬಹಳ ಮಂದಿ ಇದ್ದೇವೆ. ಇಂಗ್ಲಿಷ್ ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಭಾಷೆ ತಡವರಿಸಿದರೆ ಬುದ್ಧಿಯೂ ತಡವರಿಸುತ್ತದೆ ಎಂದು ಯಾರೂ ತಿಳಿಯಬೇಡಿ. ಅರ್ಥವಾದದ್ದನ್ನು ಮನೆಯ ಭಾಷೆಯಲ್ಲಿ ಅಮ್ಮನಿಗೆ ವಿವರಿಸಿ ನೋಡಿ. ವಿವರಿಸಲು ಬಂದರೆ ಪಾಠ ನಿಮ್ಮದಾಗಿದೆ.

ಈರುಳ್ಳಿಯ ವಿಷಯ ಇನ್ನೂ ಬಾಕಿಯಿದೆ. ಕಲೆ ತಗ್ಗಿಸುತ್ತದೆಂದು ಈರುಳ್ಳಿ ಸಾರದ ಜೆಲ್‌ಗಳು ಈಗಲೂ ಮಾರಾಟದಲ್ಲಿವೆ. ಅವುಗಳ ಮೇಲಿನ ಪ್ರಯೋಗಗಳ ಫಲ ಒಂದೇ ರೀತಿ ಇಲ್ಲ. ಕೆಲವದರಲ್ಲಿ ಸ್ವಲ್ಪ ಗುಣ ಕಂಡಿದೆ, ಕೆಲವದರಲ್ಲಿ ಮಾಮೂಲಿ ಮುಲಾಮಿಗಿಂತ ಹೆಚ್ಚೇನೂ ಕಂಡಿಲ್ಲ. ಪಾರೆ ಕಂಡದ್ದು ಇಬ್ಬರು ರೋಗಿಗಳನ್ನು ಮಾತ್ರ. ಅವನಿಂದ ನಾವು ತೆಗೆದುಕೊಳ್ಳಬೇಕಾದದ್ದು ಈರುಳ್ಳಿಯನ್ನಲ್ಲ, ಹೋಲಿಸಿ ನೋಡುವ ಅಭ್ಯಾಸವನ್ನು.

ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಬಿಸಿ ತಗುಲಿದರೆ ತಕ್ಷಣ ಉಂಗುರ, ಬಳೆ ತೆಗೆಸಿ, ಹರಿಯುವ ತಣ್ಣೀರಿನಲ್ಲಿ ಆ ಜಾಗವನ್ನು 20 ನಿಮಿಷ ಹಿಡಿಸಿ. ಮಂಜುಗಡ್ಡೆ, ಪೇಸ್ಟ್, ಶಾಯಿ, ಅರಿಶಿನ, ಈರುಳ್ಳಿ ಯಾವುದೂ ಬೇಡ. ಸ್ವಚ್ಛ ಬಟ್ಟೆಯನ್ನು ಸಡಿಲವಾಗಿ ಹೊದಿಸಿ. ಗಾಯ ದೊಡ್ಡದಾಗಿದ್ದರೆ, ಮುಖ, ಕೈ ಅಥವಾ ಕೀಲಿನ ಮೇಲಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ. ಗಾಯ ಮಾಯ್ದ ಮೇಲೆ ಉಬ್ಬತೊಡಗಿದರೆ ಚರ್ಮರೋಗ ತಜ್ಞರಿಗೆ ಬೇಗ ತೋರಿಸಿ. ಆರಂಭದಲ್ಲಿ ಚಿಕಿತ್ಸೆಗೆ ಹೆಚ್ಚು ಫಲವಿದೆ. ಮತ್ತು ನಿಮ್ಮ ತರಗತಿಯಲ್ಲಿ ಯಾರ ಕೈ, ಕತ್ತು, ಮುಖದ ಮೇಲಾದರೂ ಅಂಥ ಕಲೆಯಿದ್ದರೆ, ಮೊದಲ ಮಾತು ಅದರ ಬಗ್ಗೆ ಬೇಡ. ಅವರ ಹೆಸರು ಕೇಳಿ.